ಕೊಲೆ ತೋರಿಸದೆ ಕೊಲೆಗಾರನ ಕಥೆ ಹೇಳಿದ್ದು

ಸರಣಿ ಕೊಲೆಗಾರನ ಕಥೆ ಅಂದ ಕೂಡಲೇ ಎಲ್ಲರೂ ಕೇಳುವುದು ರಕ್ತದ ಬಗ್ಗೆ. ಯಾವುದರಿಂದ ಮಾಡಿದ್ರಿ, ಎಷ್ಟು ಬೇಕಾಯ್ತು ಅಂತ. ಚಿಕ್ಕಮಗಳೂರಿನ ನಾವೊಂದಿಷ್ಟು ಗೆಳೆಯರು ಸೇರಿ ಮಾಡಿದ ಕಿರುಚಿತ್ರದಲ್ಲಿ ಒಂದು ಹನಿ ರಕ್ತವೂ ಇಲ್ಲ. ಕೊಲೆಗಾರ ಇದ್ದಾನೆ, ಪೊಲೀಸ್ ಇದ್ದಾನೆ, ಕೊಲೆಗಳೂ ಇವೆ. ಇಂಥದ್ದೊಂದು ಮಾಡಬೇಕು ಅಂದುಕೊಂಡಿರುವ ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯವರಿಗೆ ಉಪಯೋಗ ಆಗಲಿ ಅಂತ ನಾವು ಮಾಡಿದ ರೀತಿಯನ್ನು ಬರೆಯುತ್ತಿದ್ದೇನೆ.

ಇದರ ಹುಳ ತಲೆಗೆ ಹೊಕ್ಕಿದ್ದು ‘ರಮಣ್ ರಾಘವ್ 2.0’ ನೋಡಿದ ಮೇಲೆ. ಅನುರಾಗ್ ಕಶ್ಯಪ್ 2016ರಲ್ಲಿ ಮಾಡಿದ ಹಿಂದಿ ಸಿನಿಮಾ. ನವಾಜುದ್ದೀನ್ ಸಿದ್ದಿಕಿ ಕೊಲೆಗಾರ, ವಿಕ್ಕಿ ಕೌಶಲ್ ಪೊಲೀಸ್ ಅಧಿಕಾರಿ. 1960ರ ದಶಕದಲ್ಲಿ ಮುಂಬೈಯಲ್ಲಿ ಬೀದಿ ಬದಿ, ಗುಡಿಸಲಲ್ಲಿ ಮಲಗಿದ್ದ ಬಡವರನ್ನು ಕೊಂದ ರಮಣ್ ರಾಘವ್ ಅನ್ನೋ ನಿಜವಾದ ಮನುಷ್ಯ ಇದ್ದ. 1968ರಲ್ಲಿ ಸಿಕ್ಕಿಬಿದ್ದ. ಗಲ್ಲು ಶಿಕ್ಷೆ ಆಯಿತು, ಆಮೇಲೆ ಮಾನಸಿಕ ಕಾಯಿಲೆ ಅಂತ ಅದು ಜೀವಾವಧಿಗೆ ಇಳಿಯಿತು, 1995ರಲ್ಲಿ ತೀರಿಕೊಂಡ. ಸಿನಿಮಾ ಅವನ ಹೆಸರು ಇಟ್ಟುಕೊಂಡಿದೆ, ಆದರೆ ಇದು ಅವನ ಕಥೆ ಅಲ್ಲ ಅಂತ ಶುರುವಿನಲ್ಲೇ ಹೇಳಿಬಿಡುತ್ತದೆ.

ಅದರಲ್ಲಿ ಕೊಲೆಗಾರ ತನ್ನ ಸೋದರಿಯ ಮನೆಗೆ ಹೋಗುವ ಭಾಗ ಇದೆ. ಅಮೃತಾ ಸುಭಾಷ್ ಮಾಡಿರುವ ಪಾತ್ರ. ಒಡಹುಟ್ಟಿದವನು ಬಂದಿದ್ದಾನೆ, ಬಾಗಿಲು ತೆಗೆಯಲೇಬೇಕು, ಊಟ ಹಾಕಲೇಬೇಕು. ಏನಾಗುತ್ತೆ ಅಂತ ನಮಗೆ ಗೊತ್ತು, ಅವಳಿಗೂ ಒಳಗೊಳಗೇ ಗೊತ್ತು, ಆದರೂ ಕ್ಯಾಮೆರಾ ಅವಸರ ಮಾಡುವುದಿಲ್ಲ, ಅವನ ಮಾತು ಕೇಳಿಸುತ್ತಾ, ಅವಳ ಮುಖ ತೋರಿಸುತ್ತಾ ಅಲ್ಲೇ ಉಳಿಯುತ್ತದೆ. ಆ ಸಿನಿಮಾದಲ್ಲಿ ನನಗೆ ಅತಿ ಹೆಚ್ಚು ಭಯ ಆಗಿದ್ದು ಅಲ್ಲೇ. ಕೊಲೆಗಾರ ಅತಿಥಿಯಾಗಿ ಬರಬೇಕು. ನಮ್ಮ ಚಿತ್ರ ಈ ಒಂದು ಮಾತಿನ ಮೇಲೆ ನಿಂತಿದೆ.

ಮಲೆನಾಡಿಗೆ ಇದು ಎಷ್ಟು ಹೊಂದುತ್ತೆ ನೋಡಿ. ತೋಟದ ನಡುವೆ ಒಂಟಿ ಮನೆ. ಪಕ್ಕದ ಮನೆಯ ದೀಪವೂ ಕಾಣುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ. ಮಕ್ಕಳೆಲ್ಲ ಬೆಂಗಳೂರಲ್ಲಿ, ಮನೆಯಲ್ಲಿ ವಯಸ್ಸಾದವರು ಮಾತ್ರ. ಯಾರೇ ಬಂದರೂ ಮೊದಲು ಕಾಫಿ ಕೊಡುವ ಅಭ್ಯಾಸ. ನಮ್ಮ ಕೊಲೆಗಾರ ಪಂಪ್‌ಸೆಟ್ ರಿಪೇರಿ ಮಾಡುವವನು. ಎಲ್ಲ ತೋಟದ ಮನೆಯವರಿಗೂ ಬೇಕಾದವನು, ಕೈಯಲ್ಲಿ ಕಬ್ಬಿಣದ ಪೈಪು ಹಿಡಿದು ನಡೆದರೂ ಯಾರೂ ತಿರುಗಿ ನೋಡುವುದಿಲ್ಲ. ಸ್ಕ್ರಿಪ್ಟ್ ಓದಿದ ತೋಟದವರೊಬ್ಬರು ಕೇಳಿದ ಮೊದಲ ಪ್ರಶ್ನೆ, “ನಾಯಿ ಎಲ್ಲಿ?” ಅಂತ. ತೋಟದ ಮನೆ ಅಂದಮೇಲೆ ನಾಯಿ ಇರಲೇಬೇಕು, ಅದು ಬೊಗಳಲೇಬೇಕು. ಹಾಗಾಗಿ ನಾಯಿ ಬೊಗಳುತ್ತಾ ಓಡಿ ಬರುತ್ತದೆ, ಅವನ ಕೈ ಮೂಸಿ ಸುಮ್ಮನಾಗುತ್ತದೆ. ಅವನು ಈ ಮನೆಗೆ ಹೊಸಬನಲ್ಲ ಅನ್ನೋದು ಒಂದೂ ಮಾತಿಲ್ಲದೆ ಗೊತ್ತಾಯಿತು.

ಅಜ್ಜಿಯ ಪಾತ್ರಕ್ಕೆ ನಟನೆಯೇ ಗೊತ್ತಿಲ್ಲದ ಒಬ್ಬರನ್ನು ಕೂರಿಸಿದೆವು. ಅವರಿಗೆ ಡೈಲಾಗ್ ಬಾಯಿಪಾಠ ಮಾಡಿಸಲಿಲ್ಲ. ಅಕ್ಕಿ ರೊಟ್ಟಿ ಮಾಡಿ ಅಂದೆ. ನಿಜವಾದ ಒಲೆ, ನಿಜವಾದ ಹೆಂಚು. ರೊಟ್ಟಿ ಬೇಯುವ ಹೊತ್ತೇ ದೃಶ್ಯದ ಹೊತ್ತು. ನಡುವೆ ಕಟ್ ಮಾಡಿದರೆ ಬೆಂದ ರೊಟ್ಟಿ, ಬೇಯದ ರೊಟ್ಟಿ ತಾಳೆಯಾಗುವುದಿಲ್ಲ, ಆದ್ದರಿಂದ ಕ್ಯಾಮೆರಾ ಬಾಗಿಲ ಪಕ್ಕ ಟ್ರೈಪಾಡ್ ಮೇಲೆ ನಿಂತೇ ಇತ್ತು, ಕೊಲೆಗಾರನ ಬೆನ್ನು ಅರ್ಧ, ಅಜ್ಜಿಯ ಮುಖ ಪೂರ್ತಿ. ಅವನು ಎರಡನೇ ರೊಟ್ಟಿ ಕೇಳುತ್ತಾನೆ. ಉಪ್ಪು ಕಮ್ಮಿ ಅನ್ನುತ್ತಾನೆ. ಮೂರನೆಯದಕ್ಕೆ ಹಿಟ್ಟು ಇಲ್ಲ. ಆ “ಹಿಟ್ಟು ಮುಗೀತಲ್ಲಪ್ಪ” ಅನ್ನೋ ಮಾತು ಅಜ್ಜಿಯದೇ, ನಾನು ಬರೆದದ್ದಲ್ಲ. ಅಲ್ಲಿಗೆ ದೃಶ್ಯ ಮುಗಿಸಿದೆವು. ಬಾಗಿಲು ಮುಚ್ಚುತ್ತದೆ, ನಾವು ಹೊರಗೆ ಉಳಿಯುತ್ತೇವೆ.

ಕೊಲೆಗಾರನಾಗಿ ನಟಿಸಿದವನು ಹಾಸನದ ಹವ್ಯಾಸಿ ನಾಟಕ ತಂಡದ ಹುಡುಗ. ರಂಗದ ಮೇಲೆ ಕೊನೆಯ ಸಾಲಿಗೂ ಕೇಳುವ ದನಿ. ಅದನ್ನು ಇಳಿಸಲು ಅವನ ಜೊತೆ ಊಟ ಮಾಡುತ್ತಾ ಡೈಲಾಗ್ ಹೇಳಿಸಿದೆ, ಬಾಯಲ್ಲಿ ತುತ್ತು ಇದ್ದಾಗ ಯಾರೂ ಕಿರುಚುವುದಿಲ್ಲ. ನೀನು ಕೊಲೆಗಾರ ಅನ್ನೋದು ಮರೆತುಬಿಡು, ಹಸಿವಾಗಿದೆ ಅಷ್ಟೆ ಅಂತ ಹೇಳಿದೆ. ಕಣ್ಣು ದೊಡ್ಡದು ಮಾಡುವುದು, ಕತ್ತು ವಾಲಿಸುವುದು, ವಿಚಿತ್ರವಾಗಿ ನಗುವುದು ಇವೆಲ್ಲ ನಮ್ಮ ಚಿತ್ರದಲ್ಲಿ ಬೇಡ ಅಂತ ಮೊದಲೇ ತೀರ್ಮಾನ ಆಗಿತ್ತು. ನವಾಜುದ್ದೀನ್ ಥರ ಮಾಡಲು ಹೋದವರೆಲ್ಲ ಅದನ್ನೇ ಹಿಡಿದುಕೊಳ್ಳುತ್ತಾರೆ, ಆದರೆ ಅವರ ನಟನೆಯ ನಿಜವಾದ ಬಲ ಇರುವುದು ಆ ಸಲೀಸುತನದಲ್ಲಿ.

ಪೊಲೀಸ್ ಪಾತ್ರ ಬರೆಯುವುದು ಇದಕ್ಕಿಂತ ತುಂಬಾ ಕಷ್ಟ. ಹಿಂದಿ ಸಿನಿಮಾದಲ್ಲಿ ಅಧಿಕಾರಿ ಮಾದಕ ವ್ಯಸನಿ, ಮತ್ತು ಕೊಲೆಗಾರ ಅವನಲ್ಲಿ ತನ್ನದೇ ಇನ್ನೊಂದು ಅರ್ಧವನ್ನು ಕಾಣುತ್ತಾನೆ. ಯೋಚನೆ ಅದ್ಭುತ. ಆದರೆ ಆ ವ್ಯಸನವನ್ನು ಮತ್ತೆ ಮತ್ತೆ ತೋರಿಸಿದಾಗ ನನಗೆ ಅವನ ಮೇಲಿನ ಕುತೂಹಲ ಕಮ್ಮಿ ಆಯಿತು. ನಮ್ಮ ಪಿಎಸ್ಐಗೆ (ಠಾಣೆಯ ಸಬ್ ಇನ್ಸ್‌ಪೆಕ್ಟರ್) ಒಂದೇ ಒಂದು ದೌರ್ಬಲ್ಯ ಸಾಕು, ಆದರೆ ಅದು ಕೇಸಿನ ಹೊಟ್ಟೆಯೊಳಗೇ ಇರಬೇಕು ಅಂತ ಹಟ ಹಿಡಿದೆ. ಕಡೂರು ಕಡೆಯ ಬಯಲುಸೀಮೆಯಿಂದ ಮಳೆಯ ಊರಿಗೆ ವರ್ಗವಾಗಿ ಬಂದವನು. ಇಸ್ಪೀಟಿನ ಸಾಲ ಇದೆ. ಸಾಲ ಕೊಟ್ಟವರು ಕೊಲೆಯಾದ ತೋಟದ ಮಾಲೀಕರೇ.

ಇಲ್ಲಿ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರು ತುಂಬಾ ಸಹಾಯ ಮಾಡಿದರು. ಸಿನಿಮಾದಲ್ಲಿ ಪೊಲೀಸರು ಬಂದ ತಕ್ಷಣ ಯೋಚನೆ ಮಾಡುತ್ತಾ ನಿಲ್ಲುತ್ತಾರಲ್ಲ, ನಿಜದಲ್ಲಿ ಮೊದಲ ಕೆಲಸ ಜನರನ್ನು ಆಚೆ ಕಳಿಸುವುದು. ಆಮೇಲೆ ಪಂಚರನ್ನು, ಅಂದರೆ ಸಾಕ್ಷಿಗೆ ನಿಲ್ಲುವವರನ್ನು, ಕರೆದು ಸ್ಥಳದಲ್ಲಿ ಕಂಡದ್ದರ ಮಹಜರು ಬರೆಯುವುದು. ಬೆರಳಚ್ಚಿನವರು, ಶ್ವಾನದಳ ಬರುವವರೆಗೆ ಏನನ್ನೂ ಮುಟ್ಟಬಾರದು, ಮಳೆ ಹೊಡೆದರೆ ನಾಯಿಗೆ ವಾಸನೆ ಹಿಡಿಯುವುದು ಕಷ್ಟ. ಇದನ್ನು ಕೇಳಿಸಿಕೊಳ್ಳುತ್ತಿದ್ದಾಗಲೇ ನನಗೆ ದೃಶ್ಯ ಹೊಳೆಯಿತು. ಪಂಚರು ಒಳಗೆ ಬರುವ ಮೊದಲು ಪಿಎಸ್ಐ ಸಾಲದ ಪುಸ್ತಕದಿಂದ ತನ್ನ ಹೆಸರಿನ ಹಾಳೆ ಹರಿಯುತ್ತಾನೆ. ಕೊಲೆಗಾರ ಆ ಪುಸ್ತಕವನ್ನು ಮೊದಲೇ ನೋಡಿರುತ್ತಾನೆ.

ಇನ್ನೊಂದು ವಿಷಯವೂ ಅವರಿಂದಲೇ ಬಂತು, ನಂತರ ವಕೀಲರ ಹತ್ತಿರ ಖಚಿತ ಮಾಡಿಕೊಂಡೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಇದನ್ನೇ ಹೇಳುತ್ತಿತ್ತು, 2024ರ ಜುಲೈನಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ. ಆದರೆ ಅವನು ಹೇಳಿದ ಮಾತಿನಿಂದ ಆಯುಧವೋ ಇನ್ನೇನೋ ಸಿಕ್ಕಿದರೆ, ಆ ಸಿಕ್ಕಿದ್ದಕ್ಕೆ ಸಂಬಂಧಿಸಿದ ಅಷ್ಟು ಮಾತು ಮಾತ್ರ ನಡೆಯುತ್ತದೆ. ಕಶ್ಯಪ್ ಸಿನಿಮಾದಲ್ಲಿ ಕೊಲೆಗಾರ ತಾನೇ ಬಂದು ಕೊಲೆ ಮಾಡಿದ್ದೀನಿ ಅಂದರೂ ಪೊಲೀಸರು ನಂಬುವುದಿಲ್ಲ. ನಮ್ಮವನು ಎಲ್ಲವನ್ನೂ ಹೇಳುತ್ತಾನೆ, ಪೈಪು ಎಲ್ಲಿದೆ ಅನ್ನೋದು ಒಂದನ್ನು ಬಿಟ್ಟು. ಕೊನೆಗೆ, “ಪುಸ್ತಕದಲ್ಲಿ ಒಂದು ಹಾಳೆ ಕಮ್ಮಿ ಇದೆ ಅಲ್ವಾ ಸಾರ್?” ಅಂತ ಕೇಳುತ್ತಾನೆ. ಒಬ್ಬರ ಗುಟ್ಟು ಇನ್ನೊಬ್ಬರ ಕೈಯಲ್ಲಿ. ಇಬ್ಬರೂ ಒಂದೇ ಅಂತ ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ.

ಯೂನಿಫಾರ್ಮ್ ಹಾಕಿಸುವ ಮೊದಲು ಹತ್ತಿರದ ಠಾಣೆಗೆ ಪತ್ರ ಕೊಟ್ಟೆವು. ಇದನ್ನು ಯಾರೂ ಬಿಡಬೇಡಿ. ರಸ್ತೆಯಲ್ಲಿ ಹೋಗುವವರಿಗೆ ನಿಮ್ಮ ನಟ ನಿಜವಾದ ಪೊಲೀಸ್ ಥರವೇ ಕಾಣುತ್ತಾನೆ.

ಬೆಳಕಿನ ಬಗ್ಗೆ ಒಂದೆರಡು ಮಾತು. ಸಿಲ್ವರ್ ಓಕ್ ನೆರಳಲ್ಲಿ, ಮೋಡ ಇದ್ದರೆ, ಸಂಜೆ ಐದಕ್ಕೇ ಕತ್ತಲು. ಟ್ಯೂಬ್‌ಲೈಟ್, ಅಗ್ಗದ ಎಲ್ಇಡಿ ಬಲ್ಬ್ ಇದ್ದ ಕಡೆ ಕ್ಯಾಮೆರಾದ ಶಟರ್ 1/50 ಸೆಕೆಂಡಿನಲ್ಲಿ ಇಡಿ, ನಮ್ಮ ಕರೆಂಟ್ 50 ಹರ್ಟ್ಸ್, ಇಲ್ಲದಿದ್ದರೆ ಪರದೆ ಮೇಲೆ ಪಟ್ಟಿ ಓಡುತ್ತದೆ. ಚಳಿಯಲ್ಲಿದ್ದ ಕ್ಯಾಮೆರಾ ಒಲೆಯ ಕೋಣೆಗೆ ತಂದರೆ ಲೆನ್ಸ್ ಮಂಜಾಗುತ್ತದೆ. ಬ್ಯಾಗ್ ಸಮೇತ ಒಳಗಿಟ್ಟು ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ.

ಶಬ್ದಕ್ಕೆ ಮಾತ್ರ ಎಲ್ಲಕ್ಕಿಂತ ಜಾಸ್ತಿ ಶ್ರಮ ಹಾಕಿದೆವು. ಕೊಲೆ ಬಾಗಿಲ ಆಚೆ ಇದೆ ಅಂದಮೇಲೆ ಕಿವಿಯೇ ಕಥೆ ಹೇಳಬೇಕು. ಶೀಟಿನ ಮನೆಯಲ್ಲಿ ಮಳೆ ಬಂದರೆ ಮಾತು ರೆಕಾರ್ಡ್ ಆಗುವುದೇ ಇಲ್ಲ, ಅದಕ್ಕೆ ಮರದ ಮುಚ್ಚಿಗೆ ಇರುವ ಹೆಂಚಿನ ಮನೆ ಹುಡುಕಿದೆವು. ಜೀರುಂಡೆ ಸದ್ದು ಇನ್ನೊಂದು. ಅದು ಒಂದು ಶಾಟ್‌ನಲ್ಲಿ ಇದ್ದು ಮುಂದಿನದರಲ್ಲಿ ಇಲ್ಲದಿದ್ದರೆ ಕಟ್ ಆಗಿದ್ದು ಕಿವಿಗೆ ಹೊಡೆಯುತ್ತದೆ, ಹಾಗಾಗಿ ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ನಿಂತು ಬರೀ ಆ ಜಾಗದ ಸದ್ದನ್ನು ಉದ್ದಕ್ಕೆ ರೆಕಾರ್ಡ್ ಮಾಡಿದೆವು. ಪೈಪಿನ ಸದ್ದು ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಎಳೆದು ಹಿಡಿದದ್ದು. ಬಾಗಿಲು ಮುಚ್ಚಿದ ಮೇಲೆ ಮಳೆ, ಹೆಂಚಿನಿಂದ ಇಳಿಯುವ ನೀರು, ಆಮೇಲೆ ಕಣದ ಮೇಲೆ ಪೈಪು ಹೋಗುವ ಸದ್ದು. ಅಷ್ಟರಲ್ಲಿ ನೋಡುವವರಿಗೆ ಎಲ್ಲ ಗೊತ್ತಾಗಿರುತ್ತದೆ.

ಒಂದು ಕಾಲೇಜಿನ ಸಭಾಂಗಣದಲ್ಲಿ ತೋರಿಸಿದಾಗ ಜನ ಬರುವ ಮೊದಲೇ ಹೋಗಿ ಕೊನೆಯ ಸಾಲಿನಲ್ಲಿ ಕೂತು ಪೂರ್ತಿ ಕೇಳಿದೆವು. ಖಾಲಿ ಹಾಲ್‌ನಲ್ಲಿ ಮಳೆ ಸದ್ದು ಮಾತನ್ನು ನುಂಗುತ್ತಿತ್ತು, ಮಳೆ ಇಳಿಸಿ ಮಾತು ಏರಿಸಿದೆವು. ರೊಟ್ಟಿ ದೃಶ್ಯ ಬಂದಾಗ ಯಾರೂ ಮೊಬೈಲ್ ನೋಡಲಿಲ್ಲ. ಮುಗಿದ ಮೇಲೆ ಒಬ್ಬ ಹುಡುಗಿ ಬಂದು, ಊರಲ್ಲಿ ಅಜ್ಜಿ ಒಬ್ಬರೇ ಇದ್ದಾರೆ, ಈಗಲೇ ಫೋನ್ ಮಾಡ್ತೀನಿ ಅಂದಳು. ನನಗೆ ಅಷ್ಟು ಸಂತೋಷ ಕೊಟ್ಟ ಮಾತು ಬೇರೆ ಇಲ್ಲ.

ಈಗ ಠಾಣೆಯ ರೈಟರ್‌ನನ್ನು ಮುಖ್ಯ ಪಾತ್ರ ಮಾಡಿಕೊಂಡು ಇದನ್ನೇ ಉದ್ದದ ಕಥೆಯಾಗಿ ಬರೆಯುತ್ತಿದ್ದೇನೆ. ಮಹಜರು, ಡೈರಿ ಎಲ್ಲ ಅವನ ಕೈಯಲ್ಲೇ ಹಾಯುವುದರಿಂದ ಹರಿದ ಹಾಳೆಯ ವಿಷಯ ಮೊದಲು ಅವನಿಗೇ ಹೊಳೆಯಬೇಕು. ನಾವು ಹಿಡಿದ ಮಳೆ, ಜೀರುಂಡೆ, ತೋಟದ ರಾತ್ರಿಯ ಸದ್ದುಗಳು ಬೇಕಾದವರು ಕೇಳಿ, ಸುಮ್ನೆ ಕೊಡುತ್ತೇನೆ.