ಬಣ್ಣದೆಲೆ ಗಿಡಗಳು ಮತ್ತು ನಮ್ಮ ಬಾಲ್ಕನಿ ಬಿಸಿಲು

"ಎಲೆ ಬಣ್ಣ ಹೋಗ್ತಿದೆ, ಯಾವ ಗೊಬ್ಬರ ಹಾಕಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು, ಕುಂಡ ಎಲ್ಲಿಟ್ಟಿದ್ದೀರಿ ಅಂತ. ಬೆಂಗಳೂರಿನ ನಮ್ಮ ಮಹಡಿ ಮನೆಯಲ್ಲಿ ಕ್ರೋಟನ್, ಕಲೇಡಿಯಂ, ಅಗ್ಲೋನಿಮಾ, ಕೋಲಿಯಸ್ ಎಲ್ಲ ಇವೆ. ಇವುಗಳ ಮುಕ್ಕಾಲು ಆರೈಕೆ ಸರಿಯಾದ ಜಾಗ ಹುಡುಕುವುದರಲ್ಲೇ ಮುಗಿಯುತ್ತದೆ.

ಕ್ರೋಟನ್ನಿಗೆ ನೇರ ಬಿಸಿಲು ಬೇಕೇ ಬೇಕು. ನಮ್ಮ ಪೂರ್ವದ ಬಾಲ್ಕನಿಗೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ಅಲ್ಲಿನ ಗಿಡದಲ್ಲಿ ಹೊಸ ಎಲೆ ಹಸಿರು-ಹಳದಿಯಾಗಿ ಹುಟ್ಟಿ, ಬಲಿಯುತ್ತಾ ಕಿತ್ತಳೆಯಾಗಿ, ಕೊನೆಗೆ ಕಡುಗೆಂಪಾಗುತ್ತದೆ. ಅದೇ ಗಿಡದ ಕಡ್ಡಿ ಹಾಲ್ ಮೂಲೆಯಲ್ಲಿ ಬೆಳೆದರೆ ಬರೀ ಹಸಿರು. ಬೆಳಕು ಕಮ್ಮಿಯಾದರೆ ಗಿಡ ಹಸಿರು ಜಾಸ್ತಿ ಮಾಡಿಕೊಳ್ಳುತ್ತದೆ, ಇರುವಷ್ಟು ಬೆಳಕನ್ನಾದರೂ ಹಿಡಿಯಬೇಕಲ್ವಾ? ಯೂರಿಯಾ ಹಾಕಿದರೆ ಇನ್ನಷ್ಟು ಹಸಿರು, ಅಷ್ಟೇ.

ನರ್ಸರಿಯಿಂದ ತಂದ ಹೊಸದರಲ್ಲಿ ಕ್ರೋಟನ್ ಕೆಳಗಿನ ಎಲೆ ಉದುರಿಸುವುದು ಮಾಮೂಲು. ಜಾಗ ಬದಲಾದ ಮುನಿಸು ಅದು. ಗಾಬರಿಯಾಗಿ ನೀರು ಸುರಿಯಬೇಡಿ, ಇನ್ನೊಂದು ಕಡೆಗೂ ಎತ್ತಿಡಬೇಡಿ. ಕಾಂಡವನ್ನು ಉಗುರಲ್ಲಿ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ.

ಕ್ರೋಟನ್ನಿನ ದೊಡ್ಡ ಶತ್ರು ಜೇಡ ನುಸಿ, ಎಲೆಯ ರಸ ಹೀರುವ ಚುಕ್ಕೆಯಷ್ಟು ಪುಟ್ಟ ಜೀವಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಲ್ಲಿ ಗಾಳಿ ಒಣಗಿರುತ್ತದೆ, ಆಗಲೇ ಅದು ಬರುವುದು. ಎಲೆ ಮೇಲೆ ಸೂಜಿಮೊನೆಯಷ್ಟು ತಿಳಿ ಚುಕ್ಕೆಗಳು, ಮಗುಚಿದರೆ ನರದ ಪಕ್ಕ ಸಣ್ಣ ಬಲೆ. ಬಿಳಿ ಕಾಗದದ ಮೇಲೆ ಎಲೆ ತಟ್ಟಿದರೆ ಕೆಲವು ಚುಕ್ಕೆಗಳು ನಡೆಯಲು ಶುರು ಮಾಡುತ್ತವೆ! ನಾನು ಮೊದಲು ಪೈಪಿನಿಂದ ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಹೊಡೆಯುತ್ತೇನೆ. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪು ದ್ರಾವಣ ಸೇರಿಸಿ ಸಂಜೆ ಸಿಂಪಡಿಸುತ್ತೇನೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ವಾರ ಬಿಟ್ಟು ಮತ್ತೊಮ್ಮೆ ಹೊಡೆಯಲೇಬೇಕು, ಮೊಟ್ಟೆಗಳು ಉಳಿದಿರುತ್ತವೆ.

ಕಲೇಡಿಯಂ ದಕ್ಷಿಣ ಅಮೆರಿಕದ್ದು, ನಮ್ಮ ಕೆಸುವಿನ ಬಂಧು. ಎಲೆ ತೆಳು, ಮಧ್ಯಾಹ್ನದ ಬಿಸಿಲು ತಡೆಯುವುದಿಲ್ಲ. ನವೆಂಬರ್ ಹೊತ್ತಿಗೆ ಎಲೆಗಳು ಒಂದೊಂದಾಗಿ ಬಾಗಿ ಒಣಗುತ್ತವೆ. ಸತ್ತೇಹೋಯ್ತು ಅಂತ ಎಷ್ಟೋ ಜನ ಕುಂಡ ಖಾಲಿ ಮಾಡಿಬಿಡುತ್ತಾರೆ. ಗೆಡ್ಡೆ ಮಲಗಿರುತ್ತದೆ ಅಷ್ಟೇ. ನಾನು ನೀರು ನಿಲ್ಲಿಸಿ ಕುಂಡವನ್ನು ಮಳೆ, ಬಿಸಿಲು ತಾಗದ ಕಡೆ ಇಡುತ್ತೇನೆ. ಮಾರ್ಚ್‌ನಲ್ಲಿ ಗೆಡ್ಡೆ ತೆಗೆದು ಅದುಮಿ ನೋಡಿ, ಗಟ್ಟಿ ಇದ್ದದ್ದನ್ನು ಹೊಸ ಮಣ್ಣಿಗೆ ಹಾಕುತ್ತೇನೆ. ಮೆತ್ತಗಾದದ್ದು ಕಸಕ್ಕೆ.

ಅಗ್ಲೋನಿಮಾಗೆ ಕಿಟಕಿ ಬೆಳಕು ಸಾಕು, ನೇರ ಬಿಸಿಲು ಬೇಡ. ಕೋಲಿಯಸ್‌ನ ಹೂತೆನೆ ಕಂಡ ಕೂಡಲೇ ಚಿವುಟಬೇಕು. ಮನೆಯಲ್ಲಿ ಪುಟ್ಟ ಮಕ್ಕಳು, ನಾಯಿ, ಬೆಕ್ಕು ಇದ್ದರೆ ಕಲೇಡಿಯಂ, ಅಗ್ಲೋನಿಮಾ ಎರಡನ್ನೂ ಎತ್ತರದಲ್ಲಿಡಿ. ಎಲೆ ಅಗಿದರೆ ಬಾಯೆಲ್ಲ ಉರಿ, ತುರಿಕೆ.

ಬುಡ ಬೋಳಾದ ಹಳೇ ಕ್ರೋಟನ್‌ಗೆ ಮಳೆಗಾಲದಲ್ಲಿ ಗೂಟಿ ಕಟ್ಟುತ್ತೇನೆ, ಅಂದರೆ ಕಾಂಡ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು. ಕಾಂಡದ ಸುತ್ತ ಒಂದಿಂಚು ಸಿಪ್ಪೆ ಬಿಡಿಸಿ, ಹಿಂಡಿದ ಒದ್ದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯುವುದು. ಸಿಪ್ಪೆ ಬಿಡಿಸುವಾಗ ಗಿಡದ ರಸ ಸುರಿಯುತ್ತದೆ, ಹಳೇ ಬಟ್ಟೆ ಹಾಕಿಕೊಳ್ಳಿ, ಕಲೆ ಹೋಗಲ್ಲ. ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಚೆನ್ನಾಗಿ ಕಂಡ ಮೇಲೆ ಅದರ ಕೆಳಗೆ ಕತ್ತರಿಸಿ ಬೇರೆ ಕುಂಡಕ್ಕೆ ನೆಟ್ಟರಾಯಿತು. ಉಳಿದ ಮೋಟನ್ನು ಕೀಳಬೇಡಿ, ಅದೂ ಚಿಗುರುತ್ತದೆ.