ಸೈಕಲ್ ಬ್ರೇಕ್ ಪ್ಯಾಡ್: ಆರಿಸುವುದು ಹೇಗೆ, ಕೂರಿಸುವುದು ಹೇಗೆ?

ಬ್ರೇಕ್ ಹಿಡಿಯುತ್ತಿಲ್ಲ ಎನ್ನಿಸಿದ ಕೂಡಲೇ ಕೈ ಹೋಗುವುದು ಕೇಬಲ್ ಬಿಗಿ ಮಾಡುವ ತಿರುಪಿಗೆ. ಎರಡು ಸುತ್ತು ತಿರುಗಿಸಿದರೆ ಲಿವರ್ ಗಟ್ಟಿಯಾಗುತ್ತದೆ, ಮನಸ್ಸಿಗೂ ಸಮಾಧಾನವಾಗುತ್ತದೆ. ಆದರೆ ಓಡುವ ಚಕ್ರವನ್ನು ನಿಜವಾಗಿ ಹಿಡಿದು ನಿಲ್ಲಿಸುವುದು ರಿಮ್ಮಿನ ಎರಡೂ ಬದಿಗೆ ಇರುವ, ಬೆರಳುದ್ದದ ರಬ್ಬರ್ ತುಂಡುಗಳು. ಅವು ಸವೆದಿದ್ದರೆ ಅಥವಾ ಸೊಟ್ಟಗೆ ಕೂತಿದ್ದರೆ ಕೇಬಲ್ ಎಷ್ಟು ಬಿಗಿಯಾಗಿದ್ದರೂ ಇಳಿಜಾರಿನಲ್ಲಿ ಸೈಕಲ್ ನಿಮ್ಮ ಮಾತು ಕೇಳುವುದಿಲ್ಲ. ಸೊಟ್ಟಗೆ ಕೂತ ದುಬಾರಿ ಪ್ಯಾಡಿಗಿಂತ ನೆಟ್ಟಗೆ ಕೂತ ಸಾಧಾರಣ ಪ್ಯಾಡೇ ಮೇಲು ಎಂಬುದು ನನ್ನ ಅನುಭವ. ಆರಿಸಲು ಹತ್ತು ನಿಮಿಷ ಸಾಕು, ಕೂರಿಸಲು ಮಾತ್ರ ಅವಸರವಿಲ್ಲದ ಒಂದು ಗಂಟೆಯನ್ನು ಎತ್ತಿಡಿ.

ಬದಲಿಸುವ ಕಾಲ ಬಂದಿದೆಯೇ?

ಪ್ಯಾಡಿನ ಮುಖದ ಮೇಲೆ ಅಡ್ಡಡ್ಡ ಗೀರುಗಳಿರುತ್ತವೆ. ನೀರು ಮತ್ತು ಕೊಳೆ ಹೊರಹೋಗಲು ಮಾಡಿದ ದಾರಿಗಳು ಅವು. ಗೀರು ಮಾಸಿಹೋಗಿದ್ದರೆ ಅಥವಾ ಪ್ಯಾಡಿನ ಬದಿಯಲ್ಲಿ ಅಚ್ಚಾಗಿರುವ ಸವೆತದ ಗೆರೆಯವರೆಗೆ ರಬ್ಬರ್ ತೇದಿದ್ದರೆ ಮರುಮಾತಿಲ್ಲದೆ ಬದಲಿಸಿ. ದಪ್ಪ ಉಳಿದಿದೆ ಎಂದ ಮಾತ್ರಕ್ಕೆ ಚೆನ್ನಾಗಿದೆ ಎಂದಲ್ಲ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಸೈಕಲ್ಲಿನ ರಬ್ಬರ್ ಸವೆಯದೆಯೇ ಗಟ್ಟಿಯಾಗಿರುತ್ತದೆ. ಉಗುರು ಒತ್ತಿದರೆ ಗುರುತು ಮೂಡದೆ, ಮುಖ ಗಾಜಿನಂತೆ ಹೊಳೆಯುತ್ತಿದ್ದರೆ ಮರಳು ಕಾಗದದಿಂದ ಒಮ್ಮೆ ಉಜ್ಜಿ ನೋಡಿ. ಆಗಲೂ ಹಿಡಿಯದಿದ್ದರೆ ಅದರ ಆಯಸ್ಸು ಮುಗಿಯಿತು.

ಇನ್ನೊಂದು ಪರೀಕ್ಷೆಯನ್ನು ಬಹಳ ಮಂದಿ ಮಾಡುವುದೇ ಇಲ್ಲ. ಚಕ್ರ ಬಿಚ್ಚಿ, ಪ್ಯಾಡಿನ ಮುಖಕ್ಕೆ ಟಾರ್ಚ್ ಬಿಡಿ. ಕಪ್ಪು ರಬ್ಬರಿನೊಳಗೆ ಸೂಜಿಮೊನೆಯಷ್ಟು ಬೆಳ್ಳಿ ಚುಕ್ಕೆಗಳು ಮಿನುಗುತ್ತವೆಯೇ? ಅವು ನಿಮ್ಮ ರಿಮ್ಮಿನಿಂದಲೇ ಕಿತ್ತು ಬಂದ ಅಲ್ಯೂಮಿನಿಯಂ ಚೂರುಗಳು. ಬ್ರೇಕ್ ಹಿಡಿದಾಗ ಮರಳಿನ ಮೇಲೆ ಎಳೆದಂತಹ ಕರಕರ ಸದ್ದು ಬರುವುದು ಅವುಗಳಿಂದಲೇ. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಅವು ರಿಮ್ಮನ್ನು ಇನ್ನಷ್ಟು ಕೆರೆಯುತ್ತವೆ. ಸೂಜಿಯಿಂದ ಒಂದೊಂದನ್ನೇ ಎಬ್ಬಿ ತೆಗೆಯಿರಿ. ತುಂಬಾ ಹುದುಗಿದ್ದರೆ ಪ್ಯಾಡ್ ಎಸೆಯಿರಿ. ರಿಮ್ಮಿಗೆ ಹೋಲಿಸಿದರೆ ಪ್ಯಾಡ್ ಯಾವಾಗಲೂ ಅಗ್ಗ.

ಯಾವುದನ್ನು ಕೊಳ್ಳುವುದು?

ಮೊದಲು ನಿಮ್ಮ ಬ್ರೇಕ್ ಯಾವುದೆಂದು ತಿಳಿಯಿರಿ. ಟೈರಿನ ಮೇಲಿಂದ ಇಕ್ಕಳದಂತೆ ಎರಡೂ ಬದಿ ಹಿಡಿಯುವುದು ಕ್ಯಾಲಿಪರ್. ಫೋರ್ಕಿನ ಎರಡು ಕಾಲುಗಳಿಂದ ಎದ್ದು ನಿಂತ ಉದ್ದ ತೋಳುಗಳ ನಡುವೆ ಕೇಬಲ್ ಅಡ್ಡ ಹಾಯ್ದಿದ್ದರೆ ಅದು ವಿ-ಬ್ರೇಕ್. ಕ್ಯಾಲಿಪರ್ ಪ್ಯಾಡ್ ಗಿಡ್ಡ, ಸುಮಾರು 50ರಿಂದ 55 ಮಿ.ಮೀ. ವಿ-ಬ್ರೇಕಿನದು ಉದ್ದ, ಸಾಮಾನ್ಯವಾಗಿ 70 ಮಿ.ಮೀ. ಆಸುಪಾಸು, ಅದರ ಬೆನ್ನಿನ ಬೋಲ್ಟಿಗೆ ಬಟ್ಟಲಾಕಾರದ ವಾಷರ್‌ಗಳ ಸಾಲೇ ಇರುತ್ತದೆ. ವಿ-ಬ್ರೇಕಿಗಿಂತ ಮುಂಚಿನ, ಗಿಡ್ಡ ತೋಳುಗಳ ಕ್ಯಾಂಟಿಲಿವರ್ ಬ್ರೇಕುಗಳ ಪ್ಯಾಡಿಗೆ ಹಲ್ಲಿಲ್ಲದ ನುಣುಪು ಕಂಬಿ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಅನುಮಾನವಿದ್ದರೆ ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಆಮೇಲೆ ನೋಡಬೇಕಾದದ್ದು ರಿಮ್. ಅಲ್ಯೂಮಿನಿಯಂ ರಿಮ್ಮಿಗೆ ಮಾಮೂಲಿ ರಬ್ಬರ್ ಪ್ಯಾಡ್ ಸರಿಹೊಂದುತ್ತದೆ. ಕಾರ್ಬನ್ ರಿಮ್ಮಿಗೆ ಅದಕ್ಕೆಂದೇ ಮಾಡಿದ ಪ್ಯಾಡ್ ಬೇಕೇ ಬೇಕು. ಅಲ್ಯೂಮಿನಿಯಂ ಚಕ್ರದ ಮೇಲೆ ಓಡಿದ ಪ್ಯಾಡನ್ನು ಕಾರ್ಬನ್ ಚಕ್ರಕ್ಕೆ ಎಂದೂ ಬಳಸಬೇಡಿ, ಅದರಲ್ಲಿ ಹುದುಗಿದ ಲೋಹದ ಚೂರು ಕಾರ್ಬನ್ನನ್ನು ಸೀಳುತ್ತದೆ. ಹೊಳೆಯುವ ಕ್ರೋಮ್ ಲೇಪನದ ಸ್ಟೀಲ್ ರಿಮ್ ಒಣಗಿದ್ದಾಗ ಪರವಾಗಿಲ್ಲ, ಮಳೆಯಲ್ಲಿ ನೆನೆದರೆ ಸಾದಾ ರಬ್ಬರಿಗೆ ಅದು ಸಿಗುವುದೇ ಇಲ್ಲ. ಅಂಥ ರಿಮ್ಮಿಗೆಂದೇ ಮುಖಕ್ಕೆ ಚರ್ಮದ ಪಟ್ಟಿ ಕೂರಿಸಿದ ಪ್ಯಾಡ್‌ಗಳಿವೆ.

ರಬ್ಬರಿನಲ್ಲೂ ಮೆದು, ಗಟ್ಟಿ ಎಂಬ ಭೇದವಿದೆ. ಗಟ್ಟಿಯದು ಹೆಚ್ಚು ಬಾಳುತ್ತದೆ, ಮೆದುವಾದದ್ದು ಚೆನ್ನಾಗಿ ಕಚ್ಚುತ್ತದೆ ಮತ್ತು ಬೇಗ ಸವೆಯುತ್ತದೆ. ಮಳೆಯಲ್ಲಿ ಓಡಾಡುವವರು ತೇವದ ಹಿಡಿತಕ್ಕೆಂದು ಮಾಡಿದ ಪ್ಯಾಡನ್ನೇ ಆರಿಸಬೇಕು. ಕೂಲ್‌-ಸ್ಟಾಪ್ ಕಂಪನಿಯ ಸಾಲ್ಮನ್ ಬಣ್ಣದ ಪ್ಯಾಡ್ ಈ ಬಗೆಯದು. ಸಾಧ್ಯವಾದರೆ ಲೋಹದ ಹಿಡಿಕೆಯೊಳಗೆ ರಬ್ಬರ್ ಮಾತ್ರ ಜಾರಿಸಿ ಬದಲಿಸಬಹುದಾದ ಕಾರ್ಟ್ರಿಜ್ ಮಾದರಿ ಕೊಳ್ಳಿ. ಮುಂದಿನ ಸಲ ಸಣ್ಣ ಸ್ಕ್ರೂ ಅಥವಾ ಪಿನ್ ತೆಗೆದು ರಬ್ಬರನ್ನಷ್ಟೇ ಬದಲಿಸಿದರೆ ಸಾಕು, ಕಷ್ಟಪಟ್ಟು ಕೂರಿಸಿದ ಕೋನ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು

ಚಕ್ರ ಫೋರ್ಕಿನಲ್ಲಿ ನೆಟ್ಟಗೆ ಕೂತಿದೆಯೇ ನೋಡಿ. ತಿರುಗಿಸಿದಾಗ ಅತ್ತಿತ್ತ ತೊನೆಯುತ್ತಿದ್ದರೆ ಮೊದಲು ರಿಮ್ಮಿನ ಬೆಂಡ್ ತೆಗೆಸಿ. ಓಲಾಡುವ ಚಕ್ರಕ್ಕೆ ಪ್ಯಾಡ್ ಹೊಂದಿಸುವುದು ವ್ಯರ್ಥ ಶ್ರಮ. ರಿಮ್ಮಿನ ಬದಿಗಳನ್ನು ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಎಣ್ಣೆಯ ಅಂಶ ಹತ್ತಿರವೂ ಸುಳಿಯಬಾರದು. ಒರೆಸುವಾಗಲೇ ರಿಮ್ಮಿನ ಬದಿಗೆ ಬೆರಳಾಡಿಸಿ. ಒಳಕ್ಕೆ ಹಳ್ಳ ಬಿದ್ದಂತಿದ್ದರೆ ಅಥವಾ ಸವೆತ ತೋರಿಸುವ ಗೀರು, ಚುಕ್ಕೆ ಅಳಿಸಿದ್ದರೆ ಪ್ಯಾಡಿನ ಮಾತು ಬಿಟ್ಟು ರಿಮ್ ಬದಲಿಸಿ. ತೆಳುವಾದ ರಿಮ್ ಟ್ಯೂಬಿನ ಗಾಳಿಯ ಒತ್ತಡಕ್ಕೇ ಸೀಳಬಹುದು.

ಕೂರಿಸುವ ಕೆಲಸ

ಒಂದು ಚಕ್ರದ ಬ್ರೇಕ್ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ, ಗೊಂದಲವಾದರೆ ನೋಡಿಕೊಳ್ಳಲು ಅದು ಇರುತ್ತದೆ. ಹಳೆಯ ಪ್ಯಾಡ್ ಬಿಚ್ಚುವಾಗ ವಾಷರ್‌ಗಳ ಕ್ರಮದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ವಿ-ಬ್ರೇಕಿನಲ್ಲಿ ದಪ್ಪ ಬಟ್ಟಲು ಒಂದು ಕಡೆ, ತೆಳುವಾದದ್ದು ಇನ್ನೊಂದು ಕಡೆ ಇರುತ್ತದೆ. ಪ್ಯಾಡ್ ರಿಮ್ಮಿಗೆ ತಾಗಿದಾಗ ಎರಡೂ ತೋಳುಗಳು ಹೆಚ್ಚುಕಡಿಮೆ ನೇರವಾಗಿ ನಿಲ್ಲುವಂತೆ ಅವನ್ನು ಅದಲುಬದಲು ಮಾಡಬಹುದು.

ಹೊಸ ಪ್ಯಾಡಿನ ಮೇಲೆ ಎಡ, ಬಲ ಮತ್ತು ಮುಂದಕ್ಕೆ ಎಂದು ಬಾಣದ ಗುರುತಿರುತ್ತದೆ. ಕಾರ್ಟ್ರಿಜ್ ಮಾದರಿಯಲ್ಲಿ ಇದು ಜೀವದ ಪ್ರಶ್ನೆ. ಹಿಡಿಕೆಯ ಮುಚ್ಚಿದ ತುದಿ ಸೈಕಲ್ಲಿನ ಮುಂದಕ್ಕೆ, ತೆರೆದ ತುದಿ ಹಿಂದಕ್ಕೆ ಇರಬೇಕು. ತಿರುಗುವ ರಿಮ್ ರಬ್ಬರನ್ನು ಮುಂದಕ್ಕೆ ಎಳೆಯುತ್ತದೆ. ತಿರುವುಮುರುವಾಗಿ ಹಾಕಿದರೆ ಗಟ್ಟಿಯಾಗಿ ಬ್ರೇಕ್ ಹಿಡಿದ ಕ್ಷಣದಲ್ಲೇ ರಬ್ಬರ್ ಜಾರಿ ಹೊರಬೀಳಬಹುದು.

ಈಗ ಎತ್ತರ. ಪ್ಯಾಡಿನ ಇಡೀ ಮುಖ ರಿಮ್ಮಿನ ನುಣುಪು ಪಟ್ಟಿಯೊಳಗೇ ಇರಬೇಕು. ಒಮ್ಮೆ ನನ್ನ ಸೈಕಲ್ಲಿನ ಹಿಂದಿನ ಟೈರ್ ನಡುದಾರಿಯಲ್ಲಿ ಸಿಡಿಯಿತು. ಬಿಚ್ಚಿ ನೋಡಿದರೆ ಟೈರಿನ ಬದಿಯಲ್ಲಿ, ಸುತ್ತಲೂ ಚಾಕುವಿನಿಂದ ಎಳೆದಂತೆ ಒಂದೇ ಗೆರೆ. ಪ್ಯಾಡಿನ ಮೇಲಂಚು ಕೂದಲೆಳೆಯಷ್ಟು ಟೈರಿಗೆ ತಾಗುತ್ತಿತ್ತು, ಅಷ್ಟೇ. ತೀರಾ ಕೆಳಗಿದ್ದರೆ ಇನ್ನೊಂದು ಅಪಾಯ: ರಿಮ್ಮಿನಿಂದ ಕೆಳಗೆ ಚಾಚಿದ ಭಾಗ ಸವೆಯದೆ ತುಟಿಯಂತೆ ಉಳಿದು, ಕೊನೆಗೆ ಪ್ಯಾಡ್ ಸ್ಪೋಕ್ ಕಡ್ಡಿಗಳತ್ತ ನುಗ್ಗಬಹುದು. ಒಂದು ಸೂಕ್ಷ್ಮವನ್ನು ನೆನಪಿಡಿ. ಸವೆದಂತೆಲ್ಲ ಕ್ಯಾಲಿಪರ್ ಪ್ಯಾಡ್ ಟೈರಿನ ಕಡೆ ಏರುತ್ತದೆ, ವಿ-ಬ್ರೇಕ್ ಪ್ಯಾಡ್ ಕಡ್ಡಿಗಳ ಕಡೆ ಇಳಿಯುತ್ತದೆ. ಆದ್ದರಿಂದ ಕ್ಯಾಲಿಪರಿನಲ್ಲಿ ಪಟ್ಟಿಯ ಮೇಲಂಚಿನಿಂದ ತುಸು ಹೆಚ್ಚು ಜಾಗ ಬಿಡಿ, ವಿ-ಬ್ರೇಕಿನಲ್ಲಿ ಮೇಲಂಚಿಗೆ ಒಂದು ಮಿ.ಮೀ. ಬಿಟ್ಟು ಕೂರಿಸಿ.

ಆಮೇಲೆ ಬಾಗು. ಬದಿಯಿಂದ ನೋಡಿದರೆ ಪ್ಯಾಡಿನ ವಕ್ರತೆ ರಿಮ್ಮಿನ ವಕ್ರತೆಯ ಜೊತೆಗೇ ಸಾಗಬೇಕು. ಎದುರಿನಿಂದ ನೋಡಿದರೆ ಮುಖ ರಿಮ್ಮಿಗೆ ಸಪಾಟಾಗಿ ಒರಗಬೇಕು. ಮೇಲಿನಿಂದ ನೋಡಿದಾಗ ಮಾತ್ರ ಚೂರು ಓರೆ ಬೇಕು: ಮುಂದಿನ ತುದಿ ಮೊದಲು ತಾಗಿ, ಹಿಂದಿನ ತುದಿಯಲ್ಲಿ ಅರ್ಧದಿಂದ ಒಂದು ಮಿ.ಮೀ. ಸಂದು ಉಳಿಯಬೇಕು. ಬ್ರೇಕ್ ಕಿರುಚುವುದಕ್ಕೆ ಇದೇ ಮದ್ದು. ಪ್ಯಾಡಿನ ಹಿಂತುದಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಬೋಲ್ಟ್ ಅರೆಬಿಗಿಯಾಗಿರುವಾಗಲೇ ಲಿವರ್ ಒತ್ತಿ ಹಿಡಿಯಿರಿ. ಪ್ಯಾಡ್ ತಾನಾಗಿಯೇ ಆ ಓರೆಗೆ ಕೂರುತ್ತದೆ. ಬೋಲ್ಟ್ ಬಿಗಿ ಮಾಡಿ, ಬ್ಯಾಂಡ್ ತೆಗೆಯಿರಿ. ಬಟ್ಟಲು ವಾಷರ್ ಇಲ್ಲದ ಸರಳ ಕ್ಯಾಲಿಪರಿನಲ್ಲಿ ಈ ಓರೆ ಕೊಡಲು ಬರುವುದಿಲ್ಲ, ತೋಳನ್ನು ಬಗ್ಗಿಸಲು ಹೋಗಬೇಡಿ.

ಎಲ್ಲ ಸರಿಯಾಗಿದೆ ಎಂದುಕೊಂಡು ಕೊನೆಯ ಅರ್ಧ ಸುತ್ತು ಬಿಗಿಯುವಾಗಲೇ ಪ್ಯಾಡ್ ಬೋಲ್ಟಿನ ಜೊತೆ ತಿರುಗಿಬಿಡುತ್ತದೆ. ಎಡಗೈಯ ಹೆಬ್ಬೆರಳು, ತೋರುಬೆರಳುಗಳಿಂದ ಪ್ಯಾಡನ್ನು ಗಟ್ಟಿಯಾಗಿ ಹಿಡಿದೇ ಬಿಗಿ ಮಾಡಿ. ವಿ-ಬ್ರೇಕಿಗೆ ಸಾಮಾನ್ಯವಾಗಿ 5 ಮಿ.ಮೀ. ಅಲೆನ್ ಕೀ (ಆರು ಮೂಲೆಯ ಬಾಗಿದ ಕೀಲಿ) ಬೇಕು, ಕ್ಯಾಲಿಪರಿಗೆ ಹೆಚ್ಚಾಗಿ 4 ಮಿ.ಮೀ. ತಿರುಗಿದರೆ ಬೇಸರಿಸದೆ ಸಡಿಲಿಸಿ ಮತ್ತೆ ಮಾಡಿ. ನಾನು ಈಗಲೂ ಎರಡು ಮೂರು ಸಲ ಮಾಡುತ್ತೇನೆ.

ಸಂದು ಮತ್ತು ಪರೀಕ್ಷೆ

ಲಿವರ್ ಬಿಟ್ಟಾಗ ಎರಡೂ ಕಡೆ ಒಂದರಿಂದ ಎರಡು ಮಿ.ಮೀ. ಸಂದು ಇರಲಿ. ಕೇಬಲ್ ಸೇರುವ ಜಾಗದ ತಿರುಪನ್ನು ಹೊರಕ್ಕೆ ತಿರುಗಿಸಿದರೆ ಸಂದು ಕಿರಿದಾಗುತ್ತದೆ. ಒಂದು ಕಡೆ ಮಾತ್ರ ಉಜ್ಜುತ್ತಿದ್ದರೆ, ವಿ-ಬ್ರೇಕಿನ ತೋಳಿನ ಬುಡದಲ್ಲಿರುವ ಪುಟ್ಟ ಸ್ಕ್ರೂ ಹುಡುಕಿ. ಅದನ್ನು ಬಿಗಿ ಮಾಡಿದರೆ ಆ ತೋಳಿನ ಸ್ಪ್ರಿಂಗ್ ಬಲವಾಗಿ ಪ್ಯಾಡ್ ರಿಮ್ಮಿನಿಂದ ದೂರ ಸರಿಯುತ್ತದೆ. ಕಾಲು ಸುತ್ತು ತಿರುಗಿಸಿ, ಲಿವರ್ ಒತ್ತಿ ಬಿಟ್ಟು ನೋಡಿ, ಮತ್ತೆ ಕಾಲು ಸುತ್ತು.

ಲಿವರನ್ನು ಮೈಬಲವೆಲ್ಲ ಹಾಕಿ ಹತ್ತು ಸಲ ಒತ್ತಿ. ಕೇಬಲ್ ಜಾರಬಾರದು, ಲಿವರ್ ಹ್ಯಾಂಡಲ್ಲಿಗೆ ತಾಗಬಾರದು. ನಂತರ ವಾಹನಗಳಿಲ್ಲದ ಸಮತಟ್ಟಾದ ಜಾಗದಲ್ಲಿ ಹದಿನೈದು ಇಪ್ಪತ್ತು ಸಲ ಮೆಲ್ಲನೆ ಬ್ರೇಕ್ ಹಿಡಿಯುತ್ತ ಸಾಗಿ. ಹೊಸ ರಬ್ಬರಿನ ಮೇಲ್ಪದರ ತೇದು ರಿಮ್ಮಿಗೆ ಹೊಂದಿಕೊಳ್ಳುವವರೆಗೆ ಹಿಡಿತ ಪೂರ್ತಿ ಬರುವುದಿಲ್ಲ. ಅಲ್ಲಿಯವರೆಗೆ ಇಳಿಜಾರಿನ ದಾರಿ ಬೇಡ. ಒಂದು ವಾರ ಓಡಾಡಿದ ಮೇಲೆ ಅಲೆನ್ ಕೀ ಹಿಡಿದು ನಾಲ್ಕೂ ಬೋಲ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ, ಟೈರಿನ ಬದಿಯಲ್ಲಿ ಹೊಸ ಗೆರೆಯೇನಾದರೂ ಮೂಡಿದೆಯೇ ಎಂದು ಚಕ್ರ ತಿರುಗಿಸಿ ಪರೀಕ್ಷಿಸಿ.