ಡ್ರಮ್ಮಿನವ ಎಲ್ಲಿ ಹೋಗ್ಯಾನ?

ಹೋದ ಡಿಸೆಂಬರಿನಲ್ಲಿ ಸೇಡಂ ರಸ್ತೆ ಕಡೆಯ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ನಮ್ಮ ಇಬ್ಬರೇ ಇರುವ ಎಲೆಕ್ಟ್ರಾನಿಕ್ ರಾಕ್ ಬ್ಯಾಂಡ್ ನಲವತ್ತು ನಿಮಿಷ ಬಾರಿಸಿತು. ಮೊದಲ ಎರಡು ಹಾಡಿಗೆ ಹುಡುಗರು ಮೊಬೈಲ್ ನೋಡ್ತಾ ಕೂತಿದ್ದರು. ಮೂರನೇದಕ್ಕೆ ಎದ್ದರು. ಮುಗಿದ ಮೇಲೆ ಒಂದು ಹಾಡು ಮತ್ತೆ ಕೇಳಿದರು. ಇಷ್ಟಕ್ಕೇ ಬರೆಯೋದಾ ಅಂತ ನಿಮಗೆ ಅನ್ನಿಸಬಹುದು. ಆದರೆ ನಾಲ್ಕು ವರ್ಷದಿಂದ ಕಲಬುರಗಿಯಲ್ಲಿ ನಾವು ಎಲ್ಲಿ ಸಾಮಾನು ಇಳಿಸಿದರೂ ಕೇಳಿದ್ದು ಒಂದೇ ಪ್ರಶ್ನೆ. ಸೌಂಡ್ ಸರ್ವಿಸಿನ ಕಾಕಾ ವೈರು ಬಿಚ್ಚುತ್ತಾ ನಮ್ಮ ಬೆನ್ನ ಹಿಂದೆ ಇಣುಕಿ ನೋಡೋರು. "ಡ್ರಮ್ಮಿನವ ಎಲ್ಲಿ ಹೋಗ್ಯಾನ್ರೋ?" ಇಬ್ಬರೇ ಕಾಕಾ ಅಂದರೆ, "ಇಬ್ಬರ ಕೂಡಿ ಏನ್ ಬ್ಯಾಂಡ್ ಮಾಡ್ತೀರಿ, ಆರ್ಕೆಸ್ಟ್ರಾಕ್ಕ ಹೋಗ್ರಿ, ರಾತ್ರಿಗೆ ಎರಡು ಸಾವಿರ ಕೊಡ್ತಾರ" ಅನ್ನೋರು.

ಆರ್ಕೆಸ್ಟ್ರಾದಲ್ಲಿ ದುಡ್ಡಿದೆ ಅನ್ನೋದು ನಿಜ. ನಾನೂ ಎರಡು ಸೀಸನ್ ಮದುವೆಗಳಲ್ಲಿ ಗಿಟಾರ್ ಬಾರಿಸಿದ್ದೇನೆ. ಹಗಲು ಸೂಪರ್ ಮಾರ್ಕೆಟ್ ಹತ್ತಿರ ಝೆರಾಕ್ಸ್ ಅಂಗಡಿ. ನನ್ನ ದೋಸ್ತನದು ಮೊಬೈಲ್ ರಿಪೇರಿ. ನಾನು ಗಿಟಾರ್ ಮತ್ತು ಹಾಡು, ಅವನು ಕೀಬೋರ್ಡ್, ಲ್ಯಾಪ್‌ಟಾಪ್ ಮತ್ತು ಬೆಸುಗೆ ಕೆಲಸ. ಬ್ಯಾಂಡಿನ ಹೆಸರು ಇಲ್ಲಿ ಹಾಕುವುದಿಲ್ಲ, ಪ್ರಚಾರಕ್ಕೆ ಬರೆದ ಅಂತೀರಿ.

ಇಬ್ಬರೇ ಸೇರಿ ಎಲೆಕ್ಟ್ರಾನಿಕ್ ರಾಕ್ ಮಾಡೋದು ಹೊಸ ವಿಷಯವೇನಲ್ಲ. ನ್ಯೂಯಾರ್ಕಿನಲ್ಲಿ ಅಲನ್ ವೇಗಾ, ಮಾರ್ಟಿನ್ ರೆವ್ ಅನ್ನುವ ಇಬ್ಬರು 'ಸೂಯಿಸೈಡ್' ಅಂತ ಹೆಸರಿಟ್ಟುಕೊಂಡು ಒಂದು ಡ್ರಮ್ ಮಷೀನು, ಒಂದು ಕೀಬೋರ್ಡು, ಒಂದು ಗಂಟಲು ಇಷ್ಟರಲ್ಲೇ ಮಾಡಿದರು. ಗಿಟಾರೂ ಇಲ್ಲ. ಅವರ ಮೊದಲ ಆಲ್ಬಮ್ ಬಂದದ್ದು 1977ರಲ್ಲಿ. 1978ರಲ್ಲಿ ಬ್ರಸೆಲ್ಸ್‌ನಲ್ಲಿ ಜನ ರೊಚ್ಚಿಗೆದ್ದು, ಮೈಕು ಕಿತ್ತುಕೊಂಡು, 23 ನಿಮಿಷಕ್ಕೇ ಅವರ ಆಟ ನಿಲ್ಲಿಸಿದ್ದರು. ಇದನ್ನ ನಾನು ಕಾಕಾಗೆ ಹೇಳಿದೆ. "ಹಂಗಾದ್ರ ನಿಮಗೂ ಹೊಡೀತಾರ ಬಿಡು" ಅಂದರು.

ನಮ್ಮ ಮೊದಲ ಆಟ ನಡೆದದ್ದು ಹನ್ನೊಂದು ನಿಮಿಷ. ಯಾರೂ ಹೊಡೆಯಲಿಲ್ಲ, ಕರೆಂಟ್ ಹೋಯಿತು. ಆಗ ನಾವು ಎಲ್ಲರೂ ಮಾಡುವ ಹಾಗೇ ಮಾಡಿದ್ದೆವು. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಪೂರ್ತಿ ಹಾಡು ಕಟ್ಟಿ, ಮೂವತ್ತು ಮೂವತ್ತೆರಡು ಟ್ರ್ಯಾಕು ತುಂಬಿ, ಎಡಕ್ಕೆ ಕ್ಲಿಕ್, ಬಲಕ್ಕೆ ಮ್ಯೂಸಿಕ್ ಹಾಕಿ ಮೊನೊ ಕಳಿಸೋದು. ಕ್ಲಿಕ್, ಅಂದರೆ ತಾಳ ಎಣಿಸುವ ಟಿಕ್ ಟಿಕ್, ನಮ್ಮ ಕಿವಿಗೆ; ಮ್ಯೂಸಿಕ್ ಸ್ಪೀಕರ್ ಬಾಕ್ಸಿಗೆ. ಎರಡನೇ ಹಾಡಿನ ಮಧ್ಯೆ ಲೈಟ್ ಹೋಯಿತು, ಬಾಕ್ಸು ಸತ್ತವು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತಲ್ಲ, ಅದರ ಪಾಡಿಗೆ ಅದು ಕತ್ತಲಲ್ಲಿ ಓಡುತ್ತಾ ಇತ್ತು. ಜನರೇಟರ್ ಶುರುವಾಗಿ ಸೌಂಡ್ ಬಂದಾಗ ಹಾಡು ಮೂರನೇ ನುಡಿಯಲ್ಲಿದೆ, ನಾನು ಎರಡನೇ ನುಡಿ ಹಾಡ್ತಾ ಇದ್ದೇನೆ. ದೋಸ್ತ ಗಾಬರಿಯಲ್ಲಿ ಸ್ಪೇಸ್ ಬಾರ್ ಒತ್ತಿದ. ಎಲ್ಲ ನಿಂತಿತು. ಮುಂದಿನ ಸಾಲಲ್ಲಿ ಒಬ್ಬ ಹುಡುಗ ಜೋರಾಗಿ, "ಕ್ಯಾಸೆಟ್ ಸಿಕ್ಕೊಂಡದೋ!" ಅಂದ. ಆ ಮಾತು ವರ್ಷವಿಡೀ ನಮ್ಮನ್ನ ಕಾಡಿತು.

ಕರೆಂಟಿನ ಮೇಲೆ ತಪ್ಪು ಹಾಕಿ ಸುಮ್ನೆ ಇರಬಹುದಿತ್ತು. ಇದ್ದೆವು ಕೂಡ. ಆರೇಳು ಸಾವಿರದ ಇನ್ವರ್ಟರ್ ಒಂದು ತಂದೆವು. ಅಗ್ಗದ್ದು, ಸ್ಕ್ವೇರ್ ವೇವ್, ಅಂದರೆ ಒರಟು ಕರೆಂಟ್ ಕೊಡುವಂಥದ್ದು. ಅದಕ್ಕೆ ಹಾಕಿದ ಕೂಡಲೇ ಗಿಟಾರಿನಲ್ಲಿ ಜೇನುಗೂಡು ಎಬ್ಬಿಸಿದ ಹಾಗೆ ಗುಂಯ್ ಅಂತು. ಆ ದುಡ್ಡು ಹೋಯಿತು, ಈಗ ಅದು ಅಂಗಡಿಯ ಫ್ಯಾನಿಗೆ ಇದೆ.

ನಿಜವಾದ ತಪ್ಪು ತಿಳಿದದ್ದು ಭಜನೆಯಲ್ಲಿ. ನಮ್ಮ ಓಣಿಯ ಗುಡಿಯಲ್ಲಿ ಸೋಮವಾರ ಭಜನೆ ಇರುತ್ತದೆ. ಹಾಡುವ ಮುತ್ಯಾ ಒಂದು ಸಾಲು ಹಿಡಿದರೆ ಬಿಡೋದಿಲ್ಲ. ಕೂತವರ ಮುಖ ನೋಡ್ತಾರೆ, ಅದೇ ಸಾಲನ್ನ ನಾಲ್ಕು ಸಲ, ಆರು ಸಲ ತಿರುವುತ್ತಾರೆ. ದಮ್ಮಡಿ, ತಾಳ, ಹಾರ್ಮೋನಿಯಂ ಎಲ್ಲ ಅವರಿಗಾಗಿ ಕಾಯುತ್ತವೆ. ಅವರು ತಲೆ ಆಡಿಸಿದರೆ ಮಾತ್ರ ಮುಂದಿನ ನುಡಿ. ನಮ್ಮ ಲ್ಯಾಪ್‌ಟಾಪ್ ಕಾಯುತ್ತಿರಲಿಲ್ಲ. ಜನರಿಗೆ ಒಂದು ಸಾಲು ಹಿಡಿಸಿತು ಅನ್ನೋಷ್ಟರಲ್ಲಿ ಅದು ಮುಂದೆ ಹೋಗಿಬಿಡೋದು. ಡ್ರಮ್ಮಿನವ ಇದ್ದಿದ್ದರೆ ಕಣ್ಣು ಸನ್ನೆ ಮಾಡಬಹುದಿತ್ತು. ಕಾಕಾ ಕೇಳಿದ ಪ್ರಶ್ನೆಯಲ್ಲಿ ಅರ್ಥ ಇತ್ತು, ಒಪ್ಪಿಕೊಳ್ಳೋಣ.

ಹಾಗಾಗಿ ಹಾಡುಗಳನ್ನೆಲ್ಲ ತುಂಡು ಮಾಡಿದೆವು. ಗಿಟಾರನ್ನ ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್ಫೇಸ್ ಜೊತೆ ಪುಕ್ಕಟೆ ಬಂದಿದ್ದ ಏಬಲ್ಟನ್ ಲೈಟ್ ಸಾಫ್ಟ್‌ವೇರ್ ಇತ್ತಲ್ಲ, ತುಂಡುಗಳನ್ನ ಬೇಕಾದಾಗ ಶುರು ಮಾಡುವ ಅದರ ಸೆಷನ್ ವ್ಯೂಗೆ ಬಂದೆವು. ಒಂದೊಂದು ನುಡಿಗೆ ಒಂದು ಸೀನ್ (ತುಂಡು), ಲಾಂಚ್ ಕ್ವಾಂಟೈಸ್ ಒಂದು ಬಾರ್, ಅಂದರೆ ಯಾವಾಗ ಒತ್ತಿದರೂ ಮುಂದಿನ ತಾಳದ ಸುತ್ತಿನ ಶುರುವಿನಲ್ಲೇ ಬದಲಾಗುತ್ತದೆ. ನಾನು ಕಾಲಿನಿಂದ ಒತ್ತುವವರೆಗೂ ಅದೇ ನುಡಿ ತಿರುಗುತ್ತಾ ಇರಬೇಕು. ಕಂಪನಿಯ ಫುಟ್ ಕಂಟ್ರೋಲರ್ ಬೆಲೆ ನೋಡಿದೆವು, ಹನ್ನೆರಡು ಸಾವಿರದ ಮೇಲೆ. ದೋಸ್ತ ಗುಜರಿಯಿಂದ ಒಂದು ಯುಎಸ್‌ಬಿ ಕೀಬೋರ್ಡ್ ತಂದ, ನೂರು ರೂಪಾಯಿ. ಅದರ ಒಳಗಿನ ಪುಟ್ಟ ಬೋರ್ಡ್ ತೆಗೆದು, ನಾಲ್ಕು ಸ್ವಿಚ್ಚಿಗೆ ವೈರ್ ಎಳೆದು, ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಕೂರಿಸಿದ. ಎಲ್ಲ ಸೇರಿ ಮುನ್ನೂರೈವತ್ತು ಆಗಿರಬೇಕು. ಮನೆಯಲ್ಲಿ ಎರಡು ತಿಂಗಳು ಅಚ್ಚುಕಟ್ಟಾಗಿ ನಡೆಯಿತು. ಸ್ಟೇಜಿನ ಮೇಲೆ, ಸರಿಯಾಗಿ ಪಲ್ಲವಿಗೆ ಬರುವಾಗ, ಪರದೆಯ ಮೇಲೆ ಅಪ್ಡೇಟಿನ ಪೆಟ್ಟಿಗೆ ಎದ್ದಿತು. ನಾನು ಒತ್ತಿದ್ದೆಲ್ಲ ಆ ಪೆಟ್ಟಿಗೆಗೆ ಹೋಯಿತು. ಕೀಬೋರ್ಡ್ ಅಂದಮೇಲೆ ಯಾವ ವಿಂಡೋ ಮುಂದಿದೆಯೋ ಅದಕ್ಕೇ ತಾನೇ ಹೋಗೋದು! ಎರಡು ನಿಮಿಷ ಒಂದೇ ನುಡಿ. ಜನ ಅದನ್ನೇ ಸ್ಟೈಲ್ ಅಂದುಕೊಂಡರು, ಬಚಾವ್. ಮರುವಾರವೇ ಅದನ್ನ ತೆಗೆದು ಪ್ರೊ ಮೈಕ್ರೋ ಅನ್ನೋ ಪುಟ್ಟ ಬೋರ್ಡ್ ಹಾಕಿದೆವು, ಲ್ಯಾಪ್‌ಟಾಪಿಗೆ ಕೀಬೋರ್ಡ್ ಅಲ್ಲ, ಮಿಡಿ, ಅಂದರೆ ಸಂಗೀತದ ಸಾಧನ, ಆಗಿ ಕಾಣುವ ಹಾಗೆ. ಆರುನೂರೋ ಏಳುನೂರೋ. ಡಬ್ಬಿ ಮಾತ್ರ ಅದೇ. ಆಮೇಲೆ ತೊಂದರೆ ಬಂದಿಲ್ಲ.

ಏಬಲ್ಟನ್‌ನ ಆ ಪುಕ್ಕಟೆ ಲೈಟ್ ಆವೃತ್ತಿಯಲ್ಲಿ ಎಂಟೇ ಟ್ರ್ಯಾಕು. ಮೊದಮೊದಲು ಬೈದುಕೊಂಡೆವು. ಈಗ ನನ್ನ ಪ್ರಕಾರ ನಮ್ಮನ್ನ ಉಳಿಸಿದ್ದೇ ಅದು. ಇಬ್ಬರೇ ಇದ್ದೇವೆ, ಸದ್ದು ಖಾಲಿ ಕೇಳುತ್ತದೆ ಅನ್ನೋ ಭಯಕ್ಕೆ ಎಲ್ಲ ಸಂದಿಯಲ್ಲೂ ಪ್ಯಾಡ್, ಸ್ಟ್ರಿಂಗ್ಸ್ ಅಂತ ಉದ್ದನೆಯ ಹಿನ್ನೆಲೆ ಸದ್ದು ತುರುಕುತ್ತಿದ್ದೆವು. ಈಗ ಒಂದು ಹೊತ್ತಿಗೆ ನಾಲ್ಕೇ: ತಾಳ, ಬಾಸ್, ಗಿಟಾರ್, ದನಿ. ಖಾಲಿ ಜಾಗ ಖಾಲಿ ಇರಲಿ. ಗಿಟಾರ್ ನಿಲ್ಲಿಸಿದ ಕ್ಷಣ ಬಾಸ್ ಒಂದೇ ಉಳಿಯುತ್ತದಲ್ಲ, ಆಗ ಹುಡುಗರು ಕೂಗೋದು. ಈ ಬುದ್ಧಿ ಬರುವ ಮುಂಚೆ ಒಂದು ಹಾಡನ್ನ ಬೆಂಗಳೂರಿನ ಒಂದು ಸ್ಟುಡಿಯೋಗೆ ಮಿಕ್ಸಿಂಗಿಗೆ ಕಳಿಸಿ ಹದಿನೆಂಟು ಸಾವಿರ ಕಳೆದುಕೊಂಡೆವು. ಖಾಲಿ ಜಾಗ ಎಲ್ಲಾ ಅವರೂ ತುಂಬಿ ಕಳಿಸಿದ್ದರು. ಕೇಳಿದರೆ ಯಾವುದೋ ಊರಿನ ಯಾರದೋ ಹಾಡು.

ತಾಳದ ವಿಷಯಕ್ಕೆ ಬರ್ತೀನಿ. ಇಂಟರ್ನೆಟ್ಟಿನಲ್ಲಿ ಸಿಗುವ ಕಿಕ್ (ಡ್ರಮ್ಮಿನ ದಪ್ಪ ಗುದ್ದು), ಸ್ನೇರ್ (ಚುರುಕು ಪೆಟ್ಟು) ಹಾಕಿದರೆ ನಮ್ಮ ಕಡೆ ಜನರಿಗೆ ಕಾಲು ಎದ್ದೇಳುವುದಿಲ್ಲ. ಮೊಹರಂನಲ್ಲಿ ಅಲಾಯಿ ಕುಣಿಯುವಾಗ ಹಲಗೆ ಬಿದ್ದರೆ ನೋಡಿ, ಮುದುಕರೂ ಹೆಜ್ಜೆ ಹಾಕ್ತಾರೆ. ಜೇವರ್ಗಿ ಕಡೆಯ ಒಬ್ಬ ಹಲಗೆಯವರನ್ನ ಹಿಡಿದೆವು. ಒಂದು ದಿನಕ್ಕೆ ಒಂದೂವರೆ ಸಾವಿರ, ಊಟ ನಮ್ಮದು. ಅವರು ಹುಲ್ಲು ಉರಿಸಿ ಹಲಗೆ ಕಾಯಿಸಿ ಬಾರಿಸಿದರು. ನಾವು ಒಂದು ತಪ್ಪು ಮಾಡಿದೆವು, ಚೆನ್ನಾಗಿ ಕಾದಾಗಿನ ಸದ್ದನ್ನ ಮಾತ್ರ ತೆಗೆದುಕೊಂಡೆವು. ಮನೆಗೆ ಬಂದು ಕೇಳಿದರೆ ಬರೀ ಟಣ್ ಟಣ್, ಹೊಟ್ಟೆಯೇ ಇಲ್ಲ. ಮತ್ತೆ ಹೋಗಿ, ತಣ್ಣಗಿದ್ದಾಗ, ಅರೆ ಕಾದಾಗ, ಪೂರ್ತಿ ಕಾದಾಗ, ಕಟ್ಟಿಗೆಯಿಂದ, ಬೆರಳಿನಿಂದ, ಒಟ್ಟು ಅರವತ್ತು ಎಪ್ಪತ್ತು ಹೊಡೆತ ತಂದೆವು. ತಣ್ಣಗಿನ ಹಲಗೆ ಕಿಕ್ ಆಯಿತು, ಕಾದದ್ದು ಸ್ನೇರ್. ತಣ್ಣಗಿನದನ್ನ ಎದೆಗೆ ಗುದ್ದುವ ಹಾಗೆ ಮಾಡಲು ಇನ್ನೊಂದು ಕೆಲಸ ಮಾಡ್ತೀವಿ. ಅದನ್ನ ಇಲ್ಲಿ ಹೇಳೋದಿಲ್ಲ, ಹೊಟ್ಟೆಪಾಡು. ಇಷ್ಟು ಹೇಳಬಲ್ಲೆ, ಸದ್ದು ತಿದ್ದಲು ಎಲ್ಲರೂ ಬಳಸುವ ಇಕ್ಯೂ ಅಲ್ಲ, ಕಂಪ್ರೆಸರೂ ಅಲ್ಲ.

ಬಾಸಿನ ಕಥೆ ಬೇರೆ. ಹೆಡ್‌ಫೋನಿನಲ್ಲಿ ಕೇಳಿ ಖುಷಿಪಟ್ಟು, ನಲವತ್ತು ಹರ್ಟ್ಸಿನ ದಪ್ಪ ಸಿಂಥ್ ಬಾಸ್ ಇಟ್ಟುಕೊಂಡು ಆಳಂದ ಕಡೆಯ ಒಂದು ಜಾತ್ರೆಗೆ ಹೋದೆವು. ಅಲ್ಲಿ ಕಂಬಕ್ಕೆ ಕಟ್ಟಿದ್ದು ಎರಡು ಭೋಂಗಾ, ತುತ್ತೂರಿಯಂಥ ಲೌಡ್‌ಸ್ಪೀಕರ್. ಭೋಂಗಾದಲ್ಲಿ ಬಾಸ್ ಎಲ್ಲಿ ಬರಬೇಕು? ನನ್ನ ದನಿ, ಗಿಟಾರಿನ ಕಿರಿಕಿರಿ ಬಿಟ್ಟರೆ ಏನೂ ಇಲ್ಲ. ಈಗ ಬಾಸನ್ನ ಬೇಕೆಂದೇ ಒಡೆಯುತ್ತೇವೆ. ಸ್ಯಾಚುರೇಷನ್ (ಸದ್ದನ್ನ ಒರಟು ಮಾಡೋದು) ಜಾಸ್ತಿ ಹಾಕಿದರೆ ಮೇಲಿನ ಹಾರ್ಮೋನಿಕ್ಸ್, ಅಂದರೆ ಅದೇ ಸ್ವರದ ಮೇಲಿನ ದನಿಗಳು, ಹುಟ್ಟುತ್ತವೆ, ಕೆಳಗಿನದು ಕೇಳದಿದ್ದರೂ ಕಿವಿ ತಾನೇ ತುಂಬಿಕೊಳ್ಳುತ್ತದೆ. ಎಲ್ಲ ಹಾಡನ್ನೂ ಒಮ್ಮೆ ಅವ್ವನ ಹಳೇ ಮೊಬೈಲಿನ ಸ್ಪೀಕರಿನಲ್ಲಿ ಕೇಳಿಯೇ ಮುಂದೆ ಹೋಗೋದು.

ಅವ್ವ ಅಂದಾಗ ನೆನಪಾಯಿತು. ಜೋಳದ ರೊಟ್ಟಿ ಬಡಿಯುವ ಸದ್ದನ್ನ ಕ್ಲ್ಯಾಪ್ ಮಾಡೋಣ ಅಂತ ಒಲೆ ಪಕ್ಕ ಮೈಕ್ ಇಟ್ಟೆ. ಅವ್ವ ಮೈಕ್ ನೋಡಿ ನಾಚಿ ಮೆತ್ತಗೆ ಬಡಿದರು. ಇಪ್ಪತ್ತು ರೊಟ್ಟಿ ಆಯಿತು, ಒಂದೂ ಕೆಲಸಕ್ಕೆ ಬರಲಿಲ್ಲ. ರೊಟ್ಟಿ ತಿಂದೆವು. ಆಮೇಲೆ ಒಂದು ದಿನ ಹೇಳದೆ ರೆಕಾರ್ಡ್ ಮಾಡಿದೆ, ಅದು ಸಿಕ್ಕಿತು. ಇನ್ನೊಂದು, ರಿವರ್ಬಿಗಾಗಿ ದೋಸ್ತನ ಮನೆಯ ಖಾಲಿ ಸಂಪಿನೊಳಗೆ ಬಲೂನ್ ಒಡೆದು ಆ ಸದ್ದನ್ನೇ, ಒಂದು ಜಾಗದ ಮಾರ್ದನಿಯನ್ನ ನಕಲು ಮಾಡುವ ಕಾನ್ವಲ್ಯೂಷನ್ ರಿವರ್ಬಿಗೆ ಹಾಕಿದ್ದು. ಮೂರು ಸೆಕೆಂಡ್ ಬಾಲ ಬಂತು, ಎಂಥಾ ಬಾಲ! ಪಕ್ಕದ ಮನೆಯವರು ಏನೋ ಸಿಡಿಯಿತು ಅಂತ ಓಡಿಬಂದರು. ದಾಲ್ ಮಿಲ್ಲಿನ ಮಷೀನ್ ಸದ್ದಿನ ಮೇಲೂ ಒಂದು ಹಾಡು ಕಟ್ಟಿದ್ದೆವು. ಅದು ಇನ್ನೂ ಅರ್ಧಕ್ಕೇ ಇದೆ. ಮಿಲ್ಲು ಒಂದೇ ವೇಗದಲ್ಲಿ ತಿರುಗೋದಿಲ್ಲ, ತೊಗರಿ ಬಿದ್ದಂತೆ ಏರುತ್ತದೆ ಇಳಿಯುತ್ತದೆ.

ಬೇಸಿಗೆಯ ಮಾತು ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ನಲವತ್ತೆರಡು, ನಲವತ್ಮೂರು ಡಿಗ್ರಿಯಲ್ಲಿ ಹಳೇ ಲ್ಯಾಪ್‌ಟಾಪ್ ತಾನೇ ನಿಧಾನ ಆಗುತ್ತದೆ, ಸದ್ದು ಚಟಚಟ ಒಡೆಯುತ್ತದೆ. ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಹಿಡಿದಿಟ್ಟು ಕಳಿಸುವ ಸದ್ದಿನ ತುಂಡು, 256ಕ್ಕೆ ಇಟ್ಟರೆ ತಡ ಲೆಕ್ಕಕ್ಕೆ ಐದಾರು ಮಿಲಿಸೆಕೆಂಡು, ಬಾರಿಸೋಕೆ ಚೆನ್ನ. ಮೇ ತಿಂಗಳಲ್ಲಿ ಅದು ಆಗೋದಿಲ್ಲ, 512ಕ್ಕೆ ಏರಿಸಬೇಕು. ಕೂಲಿಂಗ್ ಪ್ಯಾಡ್ ಎರಡು ಸುಟ್ಟವು. ಈಗ ಒಂದು ಚೌಕದ ಶಹಾಬಾದ್ ಕಲ್ಲು ಒಯ್ಯುತ್ತೇವೆ. ನೀರು ಹಾಕಿ ಒರೆಸಿ, ಮೇಲೆ ನಾಲ್ಕು ಬಾಟಲಿ ಮುಚ್ಚಳ, ಅದರ ಮೇಲೆ ಲ್ಯಾಪ್‌ಟಾಪ್. ನಗಬೇಡಿ, ಒಂದು ತಾಸು ಆರಾಮಾಗಿ ನಡೆಯುತ್ತದೆ. ಕಲ್ಲು ಹೊರುವ ಪಾಳಿ ಮಾತ್ರ ಯಾವಾಗಲೂ ನಂದೇ.

ದುಡ್ಡಿನ ಲೆಕ್ಕ ಬಾಯಿಗೆ ಬಂದಷ್ಟು ಹೇಳ್ತೀನಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇಪ್ಪತ್ತಾರು ಸಾವಿರ, ಗಿಟಾರ್ ಹನ್ನೆರಡು, ಇಂಟರ್ಫೇಸ್ ಎಂಟೋ ಒಂಬತ್ತೋ, ಚಿಕ್ಕ ಮಿಡಿ ಕೀಬೋರ್ಡ್ ಆರು. ಕಳೆದುಕೊಂಡದ್ದನ್ನೂ ಸೇರಿಸಿದರೆ ನಾಲ್ಕು ವರ್ಷಕ್ಕೆ ಎಂಬತ್ತು ಸಾವಿರ ದಾಟಿದೆ. ಬಂದದ್ದು? ಮೊದಲ ಆಟಕ್ಕೆ ಊಟ. ಎರಡನೇದಕ್ಕೆ ಒಂದೂವರೆ ಸಾವಿರ. ಡಿಸೆಂಬರಿನದಕ್ಕೆ ಹದಿನೈದು. ಒಟ್ಟು ಐವತ್ತು ಸಾವಿರದ ಹತ್ತಿರ ಇರಬಹುದು. ಇನ್ನೂ ಲಾಸಿನಲ್ಲೇ ಇದ್ದೇವೆ. ಸ್ಟ್ರೀಮಿಂಗಿನಿಂದ ಬಂದದ್ದು ಸೊನ್ನೆ. ಹಾಡು ಏರಿಸಲು ವರ್ಷಕ್ಕೆ ಎರಡು ಸಾವಿರದಷ್ಟು ಕಟ್ಟುತ್ತೇವೆ. ಸ್ಪಾಟಿಫೈನವರು 2024ರಿಂದ ಹನ್ನೆರಡು ತಿಂಗಳಲ್ಲಿ ಸಾವಿರ ಸ್ಟ್ರೀಮ್ ಆಗದ ಹಾಡಿಗೆ ಕಾಸು ಕೊಡುವುದಿಲ್ಲ. ನಮ್ಮ ದೊಡ್ಡ ಹಿಟ್ ಆರುನೂರರ ಹತ್ತಿರ ನಿಂತಿದೆ.

ನಮ್ಮನ್ನ ಜನಕ್ಕೆ ಪರಿಚಯ ಮಾಡಿದ್ದು ಫೋನಲ್ಲ, ಹಾಸ್ಟೆಲ್ಲು. ಒಂದು ಬ್ಯಾಟರಿ ಸ್ಪೀಕರ್, ಡಬ್ಬಿ, ಗಿಟಾರ್ ಹಿಡಿದು ಹಾಸ್ಟೆಲ್ ಮೆಸ್ಸುಗಳಿಗೆ ಹೋಗಿ ರಾತ್ರಿ ಊಟದ ಹೊತ್ತಿಗೆ ಎರಡೇ ಹಾಡು ಬಾರಿಸಿ ಬರ್ತಿದ್ದೆವು. ಎರಡೇ, ಮೂರನೇದು ಕೇಳಿದರೂ ಇಲ್ಲ. ಹತ್ತು ಹನ್ನೆರಡು ಕಡೆ ಹೋಗಿರಬೇಕು. ಬೀದರ್, ಯಾದಗಿರಿ ಹುಡುಗರೆಲ್ಲ ಅಲ್ಲೇ ಇರುತ್ತಾರಲ್ವಾ, ಸುದ್ದಿ ಊರಿಗೆ ಅವರೇ ಒಯ್ದರು. ಡಿಸೆಂಬರಿನ ಗ್ಯಾದರಿಂಗಿಗೆ ಕರೆಸಿದ್ದೂ ಅಂಥ ಒಂದು ಮೆಸ್ಸಿನ ಹುಡುಗರೇ.

ಅವತ್ತು ಸೌಂಡ್ ಕಾಕಾ ಅವರೇ ಇದ್ದರು. ಮೂರನೇ ಹಾಡಿನಲ್ಲಿ ಜನ ಒಂದು ಸಾಲು ಹಿಡಿದುಕೊಂಡರು. ನಾನು ಡಬ್ಬಿ ಒತ್ತಲಿಲ್ಲ. ಆರು ಸಲವೋ ಎಂಟು ಸಲವೋ, ಹಲಗೆ ಅಲ್ಲೇ ತಿರುಗುತ್ತಾ ಕಾಯಿತು. ಜನ ಸಾಕಾದ ಮೇಲೆ ಒತ್ತಿದೆ. ಮುಗಿಸಿ ವೈರು ಸುತ್ತುವಾಗ ಕಾಕಾ ಬಂದು ಟಿಫಿನ್ ಡಬ್ಬಿ ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡಿದರು.

"ಇದರಾಗೇನು ಅವ ಇರೋದು?"

ಹೌದ್ರಿ ಕಾಕಾ ಅಂದೆ. ಮುಂದಿನ ಬುಕಿಂಗಿಗೆ ಸೌಂಡ್ ಬಾಡಿಗೆಯಲ್ಲಿ ಐನೂರು ಬಿಟ್ಟಿದ್ದಾರೆ.